ಡೇಟನ್, ಟೆನೆಸಿ: ಕುಲುಮೆ ಆರಿದ ಊರಿಗೆ ಬಂದ ಮೊಕದ್ದಮೆ

ಚಟ್ಟನೂಗವಾಸಿ ಬರೆದದ್ದು:

ಅಮೆರಿಕದ ಟೆನೆಸಿ ರಾಜ್ಯದ ಚಟ್ಟನೂಗ ನಗರದಿಂದ ಈಶಾನ್ಯಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಡೇಟನ್ ಸಿಗುತ್ತದೆ. ದಾರಿಯುದ್ದಕ್ಕೂ ಎಡಗಡೆ ವಾಲ್ಡನ್ ರಿಡ್ಜ್ ಎಂಬ ಬೆಟ್ಟಸಾಲು ಗೋಡೆಯಂತೆ ಜೊತೆಗೇ ಬರುತ್ತದೆ. ಬಲಗಡೆ, ಸ್ವಲ್ಪ ದೂರದಲ್ಲಿ, ಟೆನೆಸಿ ನದಿ. ಏಳು ಸಾವಿರದಷ್ಟು ಜನರಿರುವ ಈ ಊರು ರೇ ಕೌಂಟಿಯ ಆಡಳಿತ ಕೇಂದ್ರ. ಇಂಗ್ಲಿಷ್ ಕಾಗುಣಿತ (Rhea) ನೋಡಿ ನಾನು ಮೊದಲು 'ರಿಯಾ' ಎಂದಿದ್ದೆ. ಅಂಗಡಿಯಲ್ಲಿದ್ದ ಹಿರಿಯರೊಬ್ಬರು ನಗುತ್ತಾ 'ರೇ' ಎಂದು ತಿದ್ದಿದರು.

ಈ ಊರಿನ ಹೆಸರು ಕೇಳಿದವರಿಗೆ ನೆನಪಾಗುವುದು ಒಂದೇ ಸಂಗತಿ: 1925ರ ಜುಲೈನಲ್ಲಿ ಇಲ್ಲಿ ನಡೆದ ಸ್ಕೋಪ್ಸ್ ಮೊಕದ್ದಮೆ. ಶಾಲೆಯಲ್ಲಿ ವಿಕಾಸವಾದ ಕಲಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಯುವ ಶಿಕ್ಷಕನ ವಿಚಾರಣೆ ನಡೆದು ನೂರು ಡಾಲರ್ ದಂಡ ಬಿದ್ದ ಕಥೆಯನ್ನು ನಾವೆಲ್ಲ ಎಲ್ಲೋ ಓದಿದ್ದೇವೆ. ಆ ಕಥೆಯಲ್ಲಿ ಡೇಟನ್ ಎಂದರೆ ಮತಾಂಧರ ಹಳ್ಳಿ. ಪಾಪದ ಶಿಕ್ಷಕನನ್ನು ಹಿಡಿದು ಜೈಲಿಗೆ ತಳ್ಳಿದ ಊರು. ನಾನೂ ಹಾಗೆಯೇ ನಂಬಿದ್ದೆ. ಇಲ್ಲಿಗೆ ಬಂದು ನಾಲ್ಕು ವರ್ಷವಾದ ಮೇಲೆ, ಕಳೆದ ಅಕ್ಟೋಬರ್‌ನಲ್ಲಿ, ಒಂದು ದಿನ ರಜೆ ಹಾಕಿ ಹೋಗಿ ನೋಡಿದೆ. ಅಂದಿನಿಂದ ಬಿಡುವಾದಾಗಲೆಲ್ಲ ಓದುತ್ತಿದ್ದೇನೆ. ನಾನು ನಂಬಿದ್ದ ಕಥೆ ಅರ್ಧವೂ ಸರಿಯಿರಲಿಲ್ಲ.

ಸ್ಕೋಪ್ಸ್ ಒಂದು ರಾತ್ರಿಯನ್ನೂ ಜೈಲಿನಲ್ಲಿ ಕಳೆಯಲಿಲ್ಲ. ಅವರನ್ನು ಯಾರೂ ಹುಡುಕಿಕೊಂಡು ಹೋಗಿ ಹಿಡಿಯಲಿಲ್ಲ. ಊರಿನ ನಾಲ್ಕು ಜನ ಔಷಧಿ ಅಂಗಡಿಯ ಮೇಜಿನ ಸುತ್ತ ಕುಳಿತು, ಈ ಮೊಕದ್ದಮೆ ನಮ್ಮೂರಿನಲ್ಲೇ ನಡೆಯಲಿ ಎಂದು ತೀರ್ಮಾನಿಸಿ, ಟೆನಿಸ್ ಆಡುತ್ತಿದ್ದ ಹುಡುಗನನ್ನು ಕರೆಸಿ ಕೇಳಿಕೊಂಡರು. ಅವರು ಒಪ್ಪಿದರು, ಒಪ್ಪಿ ಮತ್ತೆ ಟೆನಿಸ್ ಆಡಲು ಹೋದರು. ಆಗ ಸ್ಕೋಪ್ಸ್‌ಗೆ 24 ವರ್ಷ. ಕೆಲಸ ಫುಟ್‌ಬಾಲ್ ತರಬೇತಿ; ಜೀವಶಾಸ್ತ್ರದ ಮೇಷ್ಟರು ರಜೆಯಲ್ಲಿದ್ದಾಗ ಅವರ ಬದಲಿಗೆ ಕೆಲವು ದಿನ ತರಗತಿ ತೆಗೆದುಕೊಂಡಿದ್ದರು, ಅಷ್ಟೇ. ವಿಕಾಸವಾದದ ಪಾಠವನ್ನು ನಿಜಕ್ಕೂ ಮಾಡಿದ್ದೆನೇ ಎಂಬುದು ತಮಗೇ ಖಚಿತವಿಲ್ಲ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಹಾಗಾದರೆ ಒಂದು ಊರು ಇಂಥದ್ದನ್ನು ತಾನಾಗಿಯೇ ಯಾಕೆ ಮೈಮೇಲೆ ಎಳೆದುಕೊಂಡಿತು? ಉತ್ತರ ನ್ಯಾಯಾಲಯದಲ್ಲಿ ಸಿಗುವುದಿಲ್ಲ, ಬೆಟ್ಟದ ಬುಡದಲ್ಲಿ ಸಿಗುತ್ತದೆ. ಲಾರೆಲ್ ಜಲಪಾತಕ್ಕೆ ಹೋಗುವ ಕಾಲುದಾರಿಯಲ್ಲಿ ಹಳೆಯ ಗಣಿಯ ಕಲ್ಲುಕಟ್ಟಡದ ಅವಶೇಷಗಳಿವೆ. ಕಲ್ಲಿನ ಸಂದಿಗಳಲ್ಲಿ ಬೇರುಗಳು ಇಳಿದಿವೆ, ಮೇಲೆಲ್ಲ ಪಾಚಿ. ಕಾಲಿನಿಂದ ಎಲೆ ಸರಿಸಿದರೆ ಕಲ್ಲಿದ್ದಲಿನ ಕಪ್ಪು ಪುಡಿ ಇಂದಿಗೂ ಬೂಟಿಗೆ ಅಂಟುತ್ತದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಬಂಡವಾಳದಿಂದ, ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳ ಟೈಟಸ್ ಸಾಲ್ಟ್ ಮನೆತನದ ಹಣದಿಂದ, ಇಲ್ಲಿ ಡೇಟನ್ ಕೋಲ್ ಅಂಡ್ ಐರನ್ ಕಂಪನಿ ಹುಟ್ಟಿತು. ಬೆಟ್ಟದಲ್ಲಿ ಕಲ್ಲಿದ್ದಲು, ಕೆಳಗೆ ಕಬ್ಬಿಣ ಕರಗಿಸುವ ಊದುಕುಲುಮೆಗಳು. ಊರು ಬೆಳೆದದ್ದೇ ಅದರಿಂದ. 1895, 1901 ಮತ್ತು 1902ರಲ್ಲಿ ಗಣಿಗಳಲ್ಲಿ ಸ್ಫೋಟವಾಗಿ ಪ್ರತಿ ಸಲವೂ ಹಲವಾರು ಕಾರ್ಮಿಕರು ಸತ್ತರು. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಕಂಪನಿ ಮುಳುಗಿತು, ಕುಲುಮೆ ಆರಿತು. 1925ರ ಹೊತ್ತಿಗೆ ಊರಿನಲ್ಲಿ ಉಳಿದಿದ್ದವರು ಸುಮಾರು 1,800 ಜನ.

ಆ ಔಷಧಿ ಅಂಗಡಿಯ ಸಭೆಗೆ ಮೂಲ ಕಾರಣನಾದ ಜಾರ್ಜ್ ರಾಪಲ್ಯೆ ಯಾರು ಬಲ್ಲಿರಾ? ಗಣಿಯಲ್ಲಿ ಅಳಿದುಳಿದದ್ದನ್ನು ನೋಡಿಕೊಳ್ಳುತ್ತಿದ್ದ ಕಂಬರ್‌ಲ್ಯಾಂಡ್ ಕೋಲ್ ಅಂಡ್ ಐರನ್ ಕಂಪನಿಯ ಮ್ಯಾನೇಜರ್. ವಿಕಾಸವಾದ ಕಲಿಸಬಾರದೆಂಬ ಹೊಸ ಕಾನೂನನ್ನು ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರಿಗೆ ನೆರವು ನೀಡುತ್ತೇವೆ ಎಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಹೇಳಿದ್ದನ್ನು ಚಟ್ಟನೂಗದ ಪತ್ರಿಕೆಯಲ್ಲಿ ಓದಿ ಅಂಗಡಿಗೆ ಓಡಿ ಬಂದದ್ದು ಆತನೇ. ಆತನಿಗೆ ಆ ಕಾನೂನಿನ ಮೇಲೆ ನಿಜವಾದ ಸಿಟ್ಟಿತ್ತು. ಉಳಿದವರಿಗೆ ಬೇಕಾಗಿದ್ದದ್ದು ಊರಿಗೆ ಮತ್ತೆ ಜನ ಬರುವುದು.

ಆರಿದ ಕುಲುಮೆಯನ್ನು ಬಿಟ್ಟು ಈ ಮೊಕದ್ದಮೆಯ ಕಥೆ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಬಲ್ಲವರು ತಿದ್ದಿ, ಸೇರಿಸಿ.

---

ರೈಲುಹಳಿ:

ಚೆನ್ನಾಗಿದೆ ಸರ್. ಕುಲುಮೆಗಿಂತ ಒಂದು ಹೆಜ್ಜೆ ಹಿಂದೆ ಹೋಗೋಣ. ಡೇಟನ್ ಮೊದಲಿನಿಂದಲೂ ಕೌಂಟಿ ಕೇಂದ್ರವಾಗಿರಲಿಲ್ಲ. 1807ರಲ್ಲಿ ರೇ ಕೌಂಟಿ ಆದ ಮೇಲೆ ಕೇಂದ್ರವಾಗಿದ್ದದ್ದು ನದಿಯ ಹತ್ತಿರದ ವಾಷಿಂಗ್ಟನ್ ಎಂಬ ಊರು. ಆ ಕಾಲದಲ್ಲಿ ಸರಕು, ಸುದ್ದಿ, ಜನ ಎಲ್ಲವೂ ದೋಣಿಯಲ್ಲೇ ಬರುತ್ತಿತ್ತು. ಇಂದಿನ ಡೇಟನ್ ಆಗ ಸ್ಮಿತ್ಸ್ ಕ್ರಾಸ್‌ರೋಡ್ಸ್ ಎಂಬ ಕೂಡುರಸ್ತೆ ಮಾತ್ರ.

1880ರಲ್ಲಿ ಸಿನ್ಸಿನಾಟಿ ಸದರ್ನ್ ರೈಲು ಚಟ್ಟನೂಗದವರೆಗೆ ಬಂತು. ಹಳಿ ಹಾದುಹೋದದ್ದು ಬೆಟ್ಟದ ಬುಡದಲ್ಲಿ, ನದಿದಂಡೆಯನ್ನು ಬಿಟ್ಟು. ಅಲ್ಲಿಗೆ ವಾಷಿಂಗ್ಟನ್ ಕಥೆ ಮುಗಿಯಿತು. 1890ರ ಸುಮಾರಿಗೆ ಕೌಂಟಿ ಕೇಂದ್ರ ಡೇಟನ್ನಿಗೆ ಬಂತು, 1891ರಲ್ಲಿ ಈಗಿನ ನ್ಯಾಯಾಲಯದ ಕಟ್ಟಡ ಎದ್ದಿತು. ಅಮೆರಿಕದ ಸಣ್ಣ ಊರುಗಳಲ್ಲಿ ಕೌಂಟಿ ಕೇಂದ್ರದ ಪಟ್ಟ ಎಂದರೆ ಜೀವನಾಡಿ. ಜಮೀನಿನ ಪತ್ರ, ಮದುವೆಯ ನೋಂದಣಿ, ತೆರಿಗೆ, ಜೈಲು, ಕೋರ್ಟು ಎಲ್ಲವೂ ಅಲ್ಲಿಯೇ. ವಾರಕ್ಕೊಮ್ಮೆ ರೈತ ಗಾಡಿ ಕಟ್ಟಿಕೊಂಡು ಬರುವುದೂ ಅಲ್ಲಿಗೇ. ಪಟ್ಟ ಹೋದ ಊರು ಹೇಗೆ ಸೊರಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ ಸಾಕ್ಷಿ. ಈಗ ಅದನ್ನು ಹಳೆಯ ವಾಷಿಂಗ್ಟನ್ ಎನ್ನುತ್ತಾರೆ.

ಅಲ್ಲೇ ನದಿಯ ಕೆಳಹರಿವಿನಲ್ಲಿ, ಹಿವಾಸಿ ನದಿ ಬಂದು ಸೇರುವ ಕಡೆ, ಬ್ಲೈತ್ ಎಂಬ ಕಡವು ಇತ್ತು. 1838ರಲ್ಲಿ ಸಾವಿರಾರು ಚೆರೋಕಿಗಳನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ನಡೆಸಿಕೊಂಡು ಹೋದಾಗ ಹಲವು ತಂಡಗಳು ನದಿ ದಾಟಿದ್ದು ಆ ಕಡವಿನಲ್ಲೇ. ದಾಟಿ ಕಾಲಿಟ್ಟ ದಡ ರೇ ಕೌಂಟಿಯದ್ದು. ಈ ಸೀಮೆಯ ಇತಿಹಾಸವನ್ನು 1925ರಿಂದ ಶುರು ಮಾಡುವವರು ಆ ಕಡವಿಗೂ ಒಮ್ಮೆ ಹೋಗಿ ಬರಬೇಕು. ಈಗ ಅಲ್ಲಿ ಸ್ಮಾರಕವಿದೆ.

---

ಕಪ್ಪುಕೋಟು:

ಧಾರವಾಡದಲ್ಲಿ ವಕೀಲಿಕೆ ಮಾಡುತ್ತೇನೆ. ಅಮೆರಿಕ ನೋಡಿಲ್ಲ. ಆದರೆ ಈ ಮೊಕದ್ದಮೆಯ ಕಡತವನ್ನು ಕಾನೂನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ, ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಬಟ್ಲರ್ ಕಾಯಿದೆಗೆ ರಾಜ್ಯಪಾಲರ ಅಂಕಿತ ಬಿದ್ದದ್ದು 1925ರ ಮಾರ್ಚ್ 21ರಂದು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದವನು ಎಂದು ಸರ್ಕಾರಿ ಶಾಲೆಯಲ್ಲಿ ಕಲಿಸಿದರೆ ನೂರರಿಂದ ಐನೂರು ಡಾಲರ್ ದಂಡ. ಔಷಧಿ ಅಂಗಡಿಯ ಆ ಸಭೆ ಮೇ 5ರಂದು. ಎರಡು ತಿಂಗಳು ಕಳೆದು ಐದೇ ದಿನಕ್ಕೆ, ಜುಲೈ 10ಕ್ಕೆ, ವಿಚಾರಣೆ ಆರಂಭ. ಇಷ್ಟು ಅವಸರ ಯಾಕೆ? ಪಕ್ಕದ ಚಟ್ಟನೂಗದವರೂ ಇಂಥದ್ದೇ ಮೊಕದ್ದಮೆಯನ್ನು ತಮ್ಮೂರಿನಲ್ಲಿ ಹೂಡಲು ಹೊರಟಿದ್ದರು. ಅವರಿಗಿಂತ ಮುಂಚೆ ದೋಷಾರೋಪ ಆಗಲಿ ಎಂದು ನ್ಯಾಯಾಧೀಶ ಜಾನ್ ರಾಲ್‌ಸ್ಟನ್ ವಿಶೇಷ ಕಲಾಪವನ್ನೇ ಕರೆದರು. ಮೇಲೆ ಚಟ್ಟನೂಗವಾಸಿಯವರು ಬರೆದ ಕುಲುಮೆಯ ವಾದಕ್ಕೆ ಇದು ಇನ್ನೊಂದು ಪುರಾವೆ.

ಪ್ರಾಸಿಕ್ಯೂಷನ್ ಪರ ನಿಂತ ಊರಿನ ವಕೀಲರಲ್ಲಿ ಸ್ಯೂ ಹಿಕ್ಸ್ ಒಬ್ಬರು. ಇವರು ಗಂಡಸು. ಹೆರಿಗೆಯಲ್ಲಿ ತೀರಿಕೊಂಡ ತಾಯಿಯ ಹೆಸರನ್ನು ಮಗುವಿಗೆ ಇಟ್ಟಿದ್ದರು. ಅವರು ಸ್ಕೋಪ್ಸ್‌ಗೆ ಗೆಳೆಯ. ಗೆಳೆಯನ ಮೇಲೆ ಗೆಳೆಯನೇ ವಾದಿಸಲು ಒಪ್ಪಿದ್ದರಿಂದಲೇ ಆ ಮೇಜಿನ ಮಾತು ಮುಂದುವರಿಯಿತು.

ಮುಂದಿನದು ಎಲ್ಲರಿಗೂ ಗೊತ್ತಿದೆ. ಸರ್ಕಾರದ ಕಡೆಗೆ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಮೂರು ಸಲ ಅಧ್ಯಕ್ಷ ಪದವಿಗೆ ನಿಂತು ಸೋತ ಮಹಾ ವಾಗ್ಮಿ. ಸ್ಕೋಪ್ಸ್ ಕಡೆಗೆ ಕ್ಲಾರೆನ್ಸ್ ಡ್ಯಾರೊ. ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ, ಅಂದರೆ ತೀರ್ಪು ಕೊಡುವ ಹನ್ನೆರಡು ಜನ ನಾಗರಿಕರ, ಮುಂದೆ ಇಡಲು ನ್ಯಾಯಾಧೀಶರು ಬಿಡಲಿಲ್ಲ. ದಾರಿ ಮುಚ್ಚಿದಾಗ ಡ್ಯಾರೊ ಎದುರಾಳಿ ವಕೀಲರಾದ ಬ್ರಯನ್ನರನ್ನೇ ಬೈಬಲ್ಲಿನ ಪರಿಣತರೆಂದು ಸಾಕ್ಷಿ ಕಟ್ಟೆಗೆ ಕರೆದರು. ಬ್ರಯನ್ ಬಂದು ಕುಳಿತರು! ಮೂವತ್ತು ವರ್ಷದ ನನ್ನ ವೃತ್ತಿಯಲ್ಲಿ ಇಂಥ ಪಾಟೀಸವಾಲನ್ನು ನಾನು ಕಂಡಿಲ್ಲ. ಮರುದಿನ ನ್ಯಾಯಾಧೀಶರು ಆ ಇಡೀ ಸಾಕ್ಷ್ಯವನ್ನು ದಾಖಲೆಯಿಂದ ತೆಗೆಸಿಹಾಕಿದರು. ಮೇಲಿನ ನ್ಯಾಯಾಲಯಕ್ಕೆ ಹೋಗಬೇಕಾದರೆ ಇಲ್ಲಿ ಸೋಲಲೇಬೇಕು, ಆದ್ದರಿಂದ ಡ್ಯಾರೊ ತಾವೇ ತಪ್ಪಿತಸ್ಥ ಎಂಬ ತೀರ್ಪು ಕೊಡಿ ಎಂದು ಜ್ಯೂರಿಯನ್ನು ಕೇಳಿಕೊಂಡರು. ಜ್ಯೂರಿಗೆ ಒಂಬತ್ತು ನಿಮಿಷ ಸಾಕಾಯಿತು. ಬ್ರಯನ್ ವಾರಗಟ್ಟಲೆ ಸಿದ್ಧಪಡಿಸಿದ್ದ ಕೊನೆಯ ಭಾಷಣಕ್ಕೆ ಅವಕಾಶವೇ ಸಿಗಲಿಲ್ಲ. ಐದು ದಿನದ ಮೇಲೆ, ಜುಲೈ 26ರ ಭಾನುವಾರ, ಡೇಟನ್ನಿನಲ್ಲೇ ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲ.

1927ರಲ್ಲಿ ಟೆನೆಸಿಯ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಕಾರಣ ಕೇಳಿದರೆ ಸಂಕಟವಾಗುತ್ತದೆ. ರಾಜ್ಯದ ಸಂವಿಧಾನದ ಪ್ರಕಾರ ಐವತ್ತು ಡಾಲರಿಗಿಂತ ಹೆಚ್ಚಿನ ದಂಡವನ್ನು ಜ್ಯೂರಿ ವಿಧಿಸಬೇಕು. ಇಲ್ಲಿ ನ್ಯಾಯಾಧೀಶರು ವಿಧಿಸಿದ್ದರು. ಅಷ್ಟೇ. ಕಾಯಿದೆ ಮಾತ್ರ ಸಿಂಧು ಎಂದೇ ಹೇಳಿತು. ಶಿಕ್ಷೆಯೇ ಇಲ್ಲದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗುವ ಬಾಗಿಲೂ ಮುಚ್ಚಿತು. ಕಾಯಿದೆ 1967ರವರೆಗೆ ಬದುಕಿತು.

---

ಪ್ರಯೋಗಾಲಯ:

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ್ದೇನೆ. ಆದ್ದರಿಂದ ಸ್ವಲ್ಪ ಬೇಸರದಿಂದಲೇ ಬರೆಯುತ್ತಿದ್ದೇನೆ. ಕುಲುಮೆ, ರೈಲು, ವ್ಯಾಪಾರ ಎಲ್ಲವೂ ನಿಜ. ಆದರೆ ಇಷ್ಟನ್ನೇ ಹೇಳುತ್ತಾ ಹೋದರೆ, ಇದೆಲ್ಲ ಊರಿನವರ ಪ್ರಚಾರದ ಹೂಟ ಎಂಬಂತಾಗುತ್ತದೆ. ಹೂಟ ಮೊಕದ್ದಮೆಯದ್ದು, ಕಾನೂನು ಹೂಟವಾಗಿರಲಿಲ್ಲ. ಅದು ನಲವತ್ತೆರಡು ವರ್ಷ ಪ್ರತಿಯೊಬ್ಬ ಶಿಕ್ಷಕನ ತಲೆಯ ಮೇಲೆ ತೂಗುತ್ತಿತ್ತು. ಮೊಕದ್ದಮೆಯ ನಂತರ ಪಠ್ಯಪುಸ್ತಕ ಪ್ರಕಾಶಕರು ಗಲಾಟೆಯೇ ಬೇಡವೆಂದು ವಿಕಾಸದ ಭಾಗಗಳನ್ನು ಮೊಟಕು ಮಾಡಿದರು. ತರಗತಿಯಲ್ಲಿ ನಿಂತು ಒಂದು ಅಧ್ಯಾಯವನ್ನು ಹಾರಿಸಿ ಮುಂದಿನ ಪುಟ ತೆಗೆಯಿರಿ ಎನ್ನುವಾಗ ಶಿಕ್ಷಕರಿಗೆ ಏನನ್ನಿಸುತ್ತದೆ ಎಂದು ನನಗೆ ಗೊತ್ತು.

ಇನ್ನೊಂದು ಮಾತನ್ನೂ ಹೇಳಲೇಬೇಕು, ಅದು ನಮ್ಮ ಪಕ್ಷದವರಿಗೆ ಹಿತವಾದದ್ದಲ್ಲ. ಸ್ಕೋಪ್ಸ್ ಬಳಸಿದ ಪುಸ್ತಕ ಜಾರ್ಜ್ ವಿಲಿಯಂ ಹಂಟರ್ ಬರೆದ 1914ರ 'ಎ ಸಿವಿಕ್ ಬಯಾಲಜಿ'. ಅದರಲ್ಲಿ ವಿಕಾಸವಾದದ ಜೊತೆಗೆ ಮಾನವ ಜನಾಂಗಗಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಿ ಬಿಳಿಯರನ್ನು ತುದಿಯಲ್ಲಿ ಕೂರಿಸಿದ ಪುಟವೂ ಇದೆ. ಕೆಲವು ಕುಟುಂಬಗಳನ್ನು ಸಮಾಜದ ಪರಾವಲಂಬಿಗಳೆಂದು ಕರೆದು ಅವರಿಗೆ ಮಕ್ಕಳಾಗದಂತೆ ತಡೆಯಬೇಕೆಂಬ ವಾದವೂ ಇದೆ. ಈ ಪುಸ್ತಕ ವಿಜ್ಞಾನದ ಬಾವುಟವಾಯಿತಲ್ಲ ಎಂದು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಬ್ರಯನ್ ಹೆದರಿದ್ದು ಬರೀ ಮಂಗನಿಗಲ್ಲ. ಬಲಿಷ್ಠನೇ ಬಾಳಲಿ ಎಂಬ ಮಾತು ಬಡವರ ಮೇಲೆ ಬೀಳುತ್ತದೆ ಎಂದೂ ಅವರು ಹೆದರಿದ್ದರು. ಅವರ ಜೀವಶಾಸ್ತ್ರ ತಪ್ಪಾಗಿತ್ತು, ಆ ಹೆದರಿಕೆ ಪೂರ್ತಿ ತಪ್ಪಾಗಿರಲಿಲ್ಲ.

---

ಚಟ್ಟನೂಗವಾಸಿ:

ಮೇಡಂ, ನಿಮ್ಮ ಬೇಸರ ನ್ಯಾಯವಾದದ್ದು. ನಾನು ಕುಲುಮೆಯ ಮೇಲೆ ಭಾರ ಹಾಕಿ ಕಾನೂನನ್ನು ಹಗುರ ಮಾಡಿದೆ. ಒಪ್ಪಿಕೊಳ್ಳುತ್ತೇನೆ.

ನೀವು ಹೇಳಿದ ಪುಸ್ತಕದ ಬಗ್ಗೆ ಒಂದು ಸಂಗತಿ. ಅದು ರಾಜ್ಯವೇ ಒಪ್ಪಿ ಶಾಲೆಗಳಿಗೆ ಕೊಟ್ಟಿದ್ದ ಪಠ್ಯ. ಊರಿನಲ್ಲಿ ಅದು ಮಾರಾಟವಾಗುತ್ತಿದ್ದದ್ದು ಎಫ್. ಇ. ರಾಬಿನ್ಸನ್ ಅವರ ಅಂಗಡಿಯಲ್ಲಿ. ಅದೇ ಔಷಧಿ ಅಂಗಡಿ, ಅದೇ ಮೇಜು! ರಾಬಿನ್ಸನ್ ಕೌಂಟಿಯ ಶಾಲಾ ಮಂಡಳಿಯ ಅಧ್ಯಕ್ಷರೂ ಹೌದು. ಆ ದಿನ ಕಪಾಟಿನಿಂದಲೇ ಪುಸ್ತಕ ತೆಗೆದು, ಇದನ್ನು ಬಿಟ್ಟು ಜೀವಶಾಸ್ತ್ರ ಕಲಿಸಲು ಸಾಧ್ಯವಿಲ್ಲ ಎಂದು ಸ್ಕೋಪ್ಸ್ ತೋರಿಸಿದರಂತೆ. ಒಂದು ಕೈಯಲ್ಲಿ ಕಲಿಸಿ ಎಂದು ಪುಸ್ತಕ, ಇನ್ನೊಂದು ಕೈಯಲ್ಲಿ ಕಲಿಸಬೇಡಿ ಎಂದು ಕಾನೂನು. ಎರಡೂ ಒಂದೇ ಸರ್ಕಾರದ್ದು.

ನ್ಯಾಯಾಲಯದ ಒಳಗೆ ಕಂಡದ್ದನ್ನೂ ಹೇಳುತ್ತೇನೆ. ಕೆಂಪು ಇಟ್ಟಿಗೆಯ ಮೂರು ಅಂತಸ್ತು, ಮೂಲೆಯಲ್ಲಿ ಗೋಪುರ. ಮೆಟ್ಟಿಲು ಹತ್ತಿ ಮೇಲೆ ಹೋದರೆ ವಿಶಾಲವಾದ ವಿಚಾರಣಾ ಕೋಣೆ, ಎತ್ತರದ ಕಿಟಕಿಗಳು. ನ್ಯಾಯಾಧೀಶರ ಪೀಠ, ವಕೀಲರ ಮೇಜುಗಳು, ಕಟಾಂಜನ, ಪ್ರೇಕ್ಷಕರ ಆಸನಗಳು ಅಂದಿನವೇ. ಮರದ ಕುರ್ಚಿಯೊಂದರಲ್ಲಿ ಕುಳಿತೆ. ಕೈ ಇಡುವಲ್ಲಿ ಮೆರುಗು ಸವೆದು ಮರದ ಎಳೆ ಕಾಣುತ್ತಿತ್ತು. ಅಕ್ಟೋಬರ್‌ನಲ್ಲೂ ಬಿಸಿಲಿಗೆ ಕೋಣೆ ಕಾದಿತ್ತು. ಜುಲೈನಲ್ಲಿ, ಸಾವಿರ ಜನ ಕಿಕ್ಕಿರಿದು, ಷಿಕಾಗೋದ ಡಬ್ಲ್ಯುಜಿಎನ್ ರೇಡಿಯೊದ ಮೈಕುಗಳ ನಡುವೆ ಅವರೆಲ್ಲ ಹೇಗೆ ಕುಳಿತಿದ್ದರೋ! ಅಮೆರಿಕದಲ್ಲಿ ವಿಚಾರಣೆಯೊಂದು ನೇರವಾಗಿ ರೇಡಿಯೊದಲ್ಲಿ ಬಿತ್ತರವಾದದ್ದು ಅದೇ ಮೊದಲು. ಹೊರಗೆ ಬೀದಿಯಲ್ಲಿ ಬೋಧಕರು, ಪುಸ್ತಕ ಮಾರುವವರು, ಸೂಟು ತೊಟ್ಟ ಚಿಂಪಾಂಜಿ. ಕಟ್ಟಡದ ಗೋಡೆಗೆ ಬೈಬಲ್ ಓದಿರಿ ಎಂಬ ಫಲಕ ತೂಗುಹಾಕಿದ್ದರು. ಜ್ಯೂರಿಯ ಕಣ್ಣೆದುರು ಅದಿರುವುದು ಸರಿಯಲ್ಲ ಎಂದು ಡ್ಯಾರೊ ತಕರಾರು ತೆಗೆದ ಮೇಲೆ ಅದನ್ನು ಇಳಿಸಿದರು.

---

ರೈಲುಹಳಿ:

ಊರಿನವರು ಹೊರಗಿನವರನ್ನು ಸತ್ಕರಿಸಿದ ರೀತಿಯನ್ನೂ ಬರೆಯಬೇಕು. ಬಾಲ್ಟಿಮೋರಿನಿಂದ ಬಂದಿದ್ದ ಪತ್ರಕರ್ತ ಎಚ್. ಎಲ್. ಮೆಂಕೆನ್ ಈ ಸೀಮೆಯ ಜನರನ್ನು ಹೀನಾಯವಾಗಿ ಬೈದು ಬರೆದರು. ಆದರೆ ಅವರದೇ ಮೊದಲ ವರದಿ ಓದಿ: ಕೊಳಕು ಹಳ್ಳಿಯನ್ನು ನಿರೀಕ್ಷಿಸಿ ಬಂದೆ, ಕಂಡದ್ದು ಚೆಲುವಾದ ಊರು ಎಂದು ಒಪ್ಪಿಕೊಂಡಿದ್ದಾರೆ. ಡ್ಯಾರೊ ಕೂಡ ಊರಿನವರು ತೋರಿದ ಆದರವನ್ನು ನ್ಯಾಯಾಲಯದಲ್ಲೇ ನೆನೆದರು.

ಈ ಮೊಕದ್ದಮೆಯನ್ನು ಆಧರಿಸಿದ 1955ರ ನಾಟಕ 'ಇನ್‌ಹೆರಿಟ್ ದಿ ವಿಂಡ್', ಆಮೇಲೆ ಅದರಿಂದ ಆದ ಚಲನಚಿತ್ರ ಬಂದ ಮೇಲೆ ಆ ಆದರ ಮರೆತೇಹೋಯಿತು. ಅವುಗಳಲ್ಲಿ ಶಿಕ್ಷಕ ಜೈಲಿನಲ್ಲಿರುತ್ತಾನೆ, ಜನ ಅವನ ಪ್ರತಿಕೃತಿ ಸುಡುತ್ತಾರೆ. ಊರಿನ ಹೆಸರು ಬದಲಾಯಿಸಿದ್ದಾರೆ, ಆದರೂ ಜನ ಅದನ್ನೇ ಡೇಟನ್ ಎಂದು ನಂಬಿದರು. 1960ರಲ್ಲಿ ಆ ಚಿತ್ರದ ಪ್ರದರ್ಶನಕ್ಕೆ ಸ್ಕೋಪ್ಸ್ ಅವರೇ ಡೇಟನ್ನಿಗೆ ಬಂದರು. ಅಷ್ಟು ಹೊತ್ತಿಗೆ ಅವರು ತೈಲ ಹುಡುಕುವ ಭೂವಿಜ್ಞಾನಿಯಾಗಿ ಬಾಳು ಕಳೆದಿದ್ದರು. ಊರು ಅವರನ್ನು ಗೌರವದಿಂದ ಬರಮಾಡಿಕೊಂಡಿತು.

---

ಪ್ರಯೋಗಾಲಯ:

ಆದರದ ಮಾತು ಸರಿ. ಅದರ ಜೊತೆಗೆ ಇದನ್ನೂ ಇಡಿ. ಬ್ರಯನ್ ಹೆಸರಿನ ಕಾಲೇಜು 1930ರಲ್ಲಿ ಆ ಊರಿನಲ್ಲಿ ಆರಂಭವಾಯಿತು. ಆ ಕಾಲೇಜಿನ ವಿದ್ಯಾರ್ಥಿಗಳು ಕೌಂಟಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ತರಗತಿಯ ವೇಳೆಯಲ್ಲೇ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಐವತ್ತು ವರ್ಷ ನಡೆದ ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ನ್ಯಾಯಾಧೀಶರು 2002ರಲ್ಲಿ ತೀರ್ಪು ಕೊಟ್ಟರು, 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 1925ರ ಪ್ರಶ್ನೆ ಆ ಊರಿನಲ್ಲಿ ಇನ್ನೂ ಹಳೆಯದಾಗಿಲ್ಲ.

---

ಚಟ್ಟನೂಗವಾಸಿ:

ಹೌದು ಮೇಡಂ. ನ್ಯಾಯಾಲಯದ ಅಂಗಳದಲ್ಲೇ ಅದು ಕಾಣುತ್ತದೆ. 2005ರಲ್ಲಿ ಬ್ರಯನ್ನರ ಪ್ರತಿಮೆ ಬಂತು. ಡ್ಯಾರೊ ಪ್ರತಿಮೆ ಬರಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 2017ರಲ್ಲಿ ನಿಲ್ಲಿಸಿದಾಗ ಊರಿನಲ್ಲಿ ಕೆಲವರು ಪ್ರತಿಭಟಿಸಿದರು. ಈಗ ಎರಡೂ ಒಂದೇ ಹುಲ್ಲುಹಾಸಿನ ಮೇಲಿವೆ. ನಾನು ಹೋದ ದಿನ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಡ್ಯಾರೊ ಕೆಳಗೆ ಕುಳಿತು ಊಟದ ಡಬ್ಬಿ ಬಿಚ್ಚಿದ್ದರು, ಅಲ್ಲಿ ನೆರಳಿತ್ತು.

ಊರು ಕೊನೆಗೆ ಬದುಕಿದ್ದು ಮೊಕದ್ದಮೆಯಿಂದಲ್ಲ. ಜನ ಹನ್ನೆರಡು ದಿನ ಬಂದರು, ಹೋದರು. ಆಮೇಲೆ ಕೈಹಿಡಿದದ್ದು ಸ್ಟ್ರಾಬೆರಿ ಬೆಳೆ, ಕಾರ್ಖಾನೆಗಳು. 1947ರಿಂದ ಮೇ ತಿಂಗಳಲ್ಲಿ ಸ್ಟ್ರಾಬೆರಿ ಉತ್ಸವ ಮಾಡುತ್ತಾರೆ. ಲಾ-ಝೆಡ್-ಬಾಯ್ ಸೋಫಾ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮನೆಗಳು ಬಹಳ. ಕೌಂಟಿಯ ಉತ್ತರದಲ್ಲಿ ವಾಟ್ಸ್ ಬಾರ್ ಅಣುವಿದ್ಯುತ್ ಸ್ಥಾವರವಿದೆ.

---

ಕಪ್ಪುಕೋಟು:

ಒಂದು ಸಂದೇಹ. ಜುಲೈ 20ರಂದು ಸೆಖೆ ಹೆಚ್ಚಾಗಿ, ಜನರ ಭಾರಕ್ಕೆ ನೆಲ ಕುಸಿದೀತೆಂಬ ಭಯವೂ ಸೇರಿ, ಕಲಾಪವನ್ನು ಹೊರಗಿನ ಹುಲ್ಲುಹಾಸಿಗೆ ಸಾಗಿಸಿದರಲ್ಲ. ಬ್ರಯನ್ನರ ಪಾಟೀಸವಾಲು ನಡೆದದ್ದು ಅಲ್ಲಿಯೇ, ಮರದ ವೇದಿಕೆಯ ಮೇಲೆ. ನೀವು ಜಾಗ ನೋಡಿದ್ದೀರಿ. ಜ್ಯೂರಿಯ ಹನ್ನೆರಡು ಜನರನ್ನು ಅಲ್ಲಿ ಎಲ್ಲಿ ಕೂರಿಸಿದ್ದರು?

---

ಚಟ್ಟನೂಗವಾಸಿ:

ಕೂರಿಸಲೇ ಇಲ್ಲ ಸರ್. ಜ್ಯೂರಿಯ ಮುಂದೆ ಹೇಳುವ ಮಾತಲ್ಲ ಎಂದು ಅವರನ್ನು ಕಳುಹಿಸಿಬಿಟ್ಟಿದ್ದರು. ವಿಚಾರಣೆಯ ಬಹುಪಾಲು ಅವರು ಹೊರಗೇ ಇದ್ದರು. ಆ ಹನ್ನೆರಡು ಜನರಲ್ಲಿ ಹೆಚ್ಚಿನವರು ರೈತರು, ಒಬ್ಬರಿಗೆ ಓದಲೂ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ ಕುಳಿತು ಎಲ್ಲವನ್ನೂ ಕೇಳಬಹುದೆಂದು ಬಂದಿದ್ದವರು. ಆ ಮಧ್ಯಾಹ್ನ ಬ್ರಯನ್ ಮತ್ತು ಡ್ಯಾರೊ ಸುಮಾರು ಎರಡು ಗಂಟೆ ಎದುರುಬದುರಾಗಿ ಹೋರಾಡಿದ್ದನ್ನು ಹುಲ್ಲಿನ ಮೇಲೆ ನಿಂತ ಜನರೆಲ್ಲ ಕೇಳಿದರು. ತೀರ್ಪು ಕೊಡಬೇಕಾದವರು ಒಂದು ಮಾತನ್ನೂ ಕೇಳಲಿಲ್ಲ.